ಎಷ್ಟು ಎಲೆ ಹಾಕಬೇಕು? ಸರಕಾರಿ ಖರೀದಿಯ ಪಟ್ಟಿಯಲ್ಲಿ ನಮ್ಮ ಲೆಕ್ಕ

(ಗಡಿನಾಡಿನ ಕನ್ನಡ ಯುವಜನರ ಒಂದು ದಿನದ ಕಮ್ಮಟದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಮಂಜೇಶ್ವರದಿಂದ ಬಂದವರಿದ್ದೀರಿ, ತಾಳವಾಡಿಯಿಂದ, ಹೊಸೂರಿನಿಂದ, ಅಕ್ಕಲಕೋಟೆ, ಜತ್ತ, ಮಡಕಶಿರಾ ಕಡೆಯಿಂದ ಬಂದವರೂ ಇದ್ದೀರಿ. ಊಟ ಆದ ಮೇಲಿನ ಹೊತ್ತು, ವಿಷಯ ಸರಕಾರಿ ಖರೀದಿ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಹಾಗಾಗಿ ಮದುವೆ ಮನೆಯಿಂದಲೇ ಶುರು ಮಾಡ್ತೇನೆ.

ನಮ್ಮ ಕಡೆ ಮನೆಯಲ್ಲಿ ಮದುವೆ ಅಂತಾದರೆ ಅಡಿಗೆ ಭಟ್ರು ಮೊದಲು ಕೇಳುವ ಪ್ರಶ್ನೆ ಒಂದೇ. "ಎಷ್ಟು ಎಲೆ?" ಅಂದರೆ ಎಷ್ಟು ಜನ ಊಟಕ್ಕೆ ಅಂತ. ಪಾಯಸ ಯಾವುದು, ಅಕ್ಕಿ ಯಾವ ಅಂಗಡಿಯದ್ದು ಅನ್ನುವುದೆಲ್ಲ ಆಮೇಲೆ. ಎಲೆ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ಅಕ್ಕಿ ತಂದರೂ, ಎಷ್ಟು ಕಡಿಮೆ ಕ್ರಯಕ್ಕೆ ತಂದರೂ ಕೊನೆಯ ಪಂಕ್ತಿಯವರಿಗೆ ಊಟ ಇಲ್ಲ. ಸರಕಾರ ಏನನ್ನು ಖರೀದಿ ಮಾಡುವಾಗಲೂ ಇದೇ ಲೆಕ್ಕ. ಎಲೆ ಎಣಿಸುವಾಗ ನೀವು ಲೆಕ್ಕದಲ್ಲಿ ಇಲ್ಲದಿದ್ದರೆ ಬಡಿಸುವಾಗ ನಿಮ್ಮ ಹತ್ತಿರ ಯಾರೂ ಬರುವುದಿಲ್ಲ. ನಾನು ಇವತ್ತು ಹೇಳಲಿಕ್ಕೆ ಬಂದದ್ದು ಇಷ್ಟೇ. ಉಳಿದದ್ದು ವಿವರ.

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡ್ತೇನೆ. ನಾನು ಬಹಳ ವರ್ಷ ಒಂದು ಸರಕಾರಿ ಕಚೇರಿಯಲ್ಲಿ ಖರೀದಿಯ ಕಡತ ನೋಡಿಕೊಂಡವ. ಒಂದು ವರ್ಷ ಶಾಲೆಗಳಿಗೆ ಡೆಸ್ಕು, ಬೆಂಚು ಕೊಡಬೇಕಿತ್ತು. ಹಣ ಮಂಜೂರಾಗಿ ಬರುವಾಗ ಫೆಬ್ರವರಿ. ಮಾರ್ಚ್ 31ರ ಒಳಗೆ ಖರ್ಚಾಗದಿದ್ದರೆ ಹಣ ವಾಪಸು. ನಾನು ಎಂತ ಮಾಡಿದೆ? ಹಳೆಯ ಕಡತ ತೆಗೆದು, ಅದರಲ್ಲಿದ್ದ ಬೆಂಚಿನ ಅಳತೆಯನ್ನು ಹಾಗೆಯೇ ನಕಲು ಮಾಡಿದೆ. ಟೆಂಡರ್ ಸರಿಯಾಗಿಯೇ ಕರೆದೆವು. ಅತಿ ಕಡಿಮೆ ದರ ಹೇಳಿದವರಿಗೇ ಕೊಟ್ಟೆವು. ಯಾರೂ ಒಂದು ರೂಪಾಯಿ ತಿಂದಿಲ್ಲ. ಆಡಿಟಿನವರು ಬಂದರು, ನೋಡಿದರು, ಒಂದು ಆಕ್ಷೇಪವನ್ನೂ ಬರೆಯದೆ ಹೋದರು.

ಜೂನಿನಲ್ಲಿ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಅಲ್ಲಿನ ಟೀಚರ್ ಹೇಳಿದರು, "ಬೆಂಚು ಚಂದ ಉಂಟು ಸರ್. ಆದರೆ ಮಕ್ಕಳ ಕಾಲು ನೆಲಕ್ಕೆ ತಾಗುವುದಿಲ್ಲ."

ನೋಡಿದೆ. ಒಂದನೇ ಕ್ಲಾಸಿನ ಮಕ್ಕಳು ಕಾಲು ನೇತುಹಾಕಿ ಕೂತಿದ್ದವು. ಹಳೆಯ ಕಡತದ ಅಳತೆ ಹೈಸ್ಕೂಲಿನದ್ದು. ಬೆಂಚು ಗಟ್ಟಿ ಉಂಟು, ಬಿಲ್ಲು ಸರಿ ಉಂಟು, ಸ್ಟಾಕ್ ರಿಜಿಸ್ಟರಿನಲ್ಲಿ ಸಹಿಯೂ ಉಂಟು. ಆದರೆ ಆ ಮಕ್ಕಳು ದಿನಕ್ಕೆ ಐದು ಗಂಟೆ ಹಾಗೆ ಕೂರಬೇಕು, ಆ ಬೆಂಚು ಮುರಿಯುವ ವರೆಗೆ. ಅಂದಿನಿಂದ ನನಗೆ ಒಂದು ಗೊತ್ತಾಯಿತು. ಕಳ್ಳತನ ಇಲ್ಲದ ಖರೀದಿಯೂ ಅನ್ಯಾಯದ ಖರೀದಿ ಆಗಬಹುದು. ಟೆಂಡರ್ ತೆರೆಯುವ ದಿನ ಎಲ್ಲರೂ ಕಣ್ಣಿಟ್ಟು ನೋಡ್ತಾರೆ. ಅನ್ಯಾಯ ಆಗಿದ್ದು ಅದಕ್ಕಿಂತ ಎಷ್ಟೋ ಮೊದಲು, ನಾನು ಒಬ್ಬನೇ ಕೂತು ಬೇಡಿಕೆ ಪಟ್ಟಿ ಬರೆದ ಹೊತ್ತಿಗೆ.

ಈಗ ನಿಮ್ಮ ವಿಷಯಕ್ಕೆ ಬರ್ತೇನೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕ ತಡವಾಗಿ ಕೈಗೆ ಬಂದ ಅನುಭವ ಇಲ್ಲಿ ಎಷ್ಟು ಜನರಿಗೆ ಉಂಟು? ಕೈ ಎತ್ತಿ ನೋಡುವ... ಸಾಕು ಸಾಕು, ಇಳಿಸಿ. ಕಚೇರಿಯ ಬೋರ್ಡಿನಲ್ಲಿ ಕನ್ನಡ ಇದ್ದರೂ ಓದಿದರೆ ನಗು ಬರುವ ಹಾಗೆ ಅಕ್ಷರ ತಪ್ಪಿರುವುದನ್ನು ನೋಡಿದವರು? ಅದೂ ಎಲ್ಲರೂ. ಇಂಥದ್ದನ್ನು ಕಂಡ ಕೂಡಲೇ ನಾವು ಫೋಟೋ ತೆಗೆದು ಹಾಕ್ತೇವೆ, "ಕನ್ನಡಕ್ಕೆ ಅವಮಾನ" ಅಂತ ಬರೀತೇವೆ. ಸಿಟ್ಟು ಬರುವುದು ಸರಿಯೇ. ಆದರೆ ಆ ಬೋರ್ಡು ಹೇಗೆ ಬಂತು ಅಂತ ಒಮ್ಮೆ ಯೋಚನೆ ಮಾಡಿ. ಯಾರೋ ಒಬ್ಬರು ಅಂದಾಜು ಪಟ್ಟಿಯಲ್ಲಿ "ಬೋರ್ಡು, ಇಷ್ಟು ಅಡಿ ಉದ್ದ, ಇಷ್ಟು ಅಗಲ, ಇಂಥಾ ತಗಡು" ಅಂತ ಬರೆದಿರ್ತಾರೆ. "ಕನ್ನಡದ ಬರಹವನ್ನು ಅಚ್ಚಿಗೆ ಮೊದಲು ಕನ್ನಡ ಬಲ್ಲವರಿಂದ ತಿದ್ದಿಸಬೇಕು" ಅನ್ನುವ ಒಂದು ಸಾಲು ಅದರಲ್ಲಿ ಇಲ್ಲ. ತಗಡಿನ ದಪ್ಪ ಕಡಿಮೆಯಾದರೆ ಕಂಟ್ರಾಕ್ಟರಿನ ಬಿಲ್ಲು ತಡೆಯಬಹುದು. ಅಕ್ಷರ ತಪ್ಪಿದರೆ ತಡೆಯಲಿಕ್ಕೆ ಆಗುವುದಿಲ್ಲ, ಯಾಕೆಂದರೆ ಕರಾರಿನಲ್ಲಿ ಅದು ಇಲ್ಲವೇ ಇಲ್ಲ. ಬೋರ್ಡು ಎದ್ದ ಮೇಲೆ ಕೂಗುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಾಗಾದರೆ ಪಟ್ಟಿ ಬರೆಯುವ ಹೊತ್ತಿಗೆ ಎಂತ ನೋಡಬೇಕು? ನಾನು ಐದು ಪ್ರಶ್ನೆ ಹೇಳ್ತೇನೆ, ಬರೆದುಕೊಳ್ಳಿ.

ಮೊದಲನೆಯದು, ಯಾರಿಗೆ, ಎಷ್ಟು? ಶಾಲೆಯ ಒಟ್ಟು ಮಕ್ಕಳು ಇನ್ನೂರು ಅಂತ ಬರೆದರೆ ಸಾಲದು. ಅದರಲ್ಲಿ ಕನ್ನಡ ಮಾಧ್ಯಮದಲ್ಲಿ ಎಷ್ಟು, ಯಾವ ತರಗತಿಯಲ್ಲಿ ಎಷ್ಟು ಅಂತ ಬೇರೆ ಬೇರೆ ಬರೆಯಬೇಕು. ಗ್ರಂಥಾಲಯಕ್ಕೆ ಪುಸ್ತಕ ತೆಗೆದುಕೊಳ್ಳುವುದಾದರೆ ಓದುಗರಲ್ಲಿ ಕನ್ನಡ ಓದುವವರು ಎಷ್ಟು ಅಂತ ಲೆಕ್ಕ ಬೇಕು. ದೊಡ್ಡ ಲೆಕ್ಕದ ಒಳಗೆ ಸಣ್ಣ ಲೆಕ್ಕ ಮುಳುಗಿ ಹೋಗುವುದೇ ಅಲ್ಪಸಂಖ್ಯಾತರ ಕಷ್ಟ.

ಎರಡನೆಯದು, ಯಾವಾಗ ಬೇಕು? ಇದನ್ನು ಹಿಂದಿನಿಂದ ಮುಂದಕ್ಕೆ ಎಣಿಸಬೇಕು. ಜೂನಿನಲ್ಲಿ ಶಾಲೆ ತೆರೆಯುವಾಗ ಮಗುವಿನ ಕೈಯಲ್ಲಿ ಪುಸ್ತಕ ಇರಬೇಕಾದರೆ ಮೇ ನಡುವಿಗೆ ಅದು ಶಾಲೆಗೆ ತಲುಪಿರಬೇಕು. ಅಚ್ಚಿಗೆ, ಸಾಗಣೆಗೆ ಎರಡು ತಿಂಗಳು ಇಟ್ಟುಕೊಳ್ಳಿ. ಟೆಂಡರಿಗೆ ಉತ್ತರ ಕೊಡಲು ಸಮಯ ಬೇಕು. ಕೇಂದ್ರ ಸರಕಾರದ ಹಣಕಾಸು ನಿಯಮಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ವಾರ ಕೊಡಬೇಕು ಅಂತ ಉಂಟು. ಬಂದದ್ದನ್ನು ಪರಿಶೀಲಿಸಲು, ಆದೇಶ ಕೊಡಲು ಇನ್ನೊಂದಷ್ಟು ದಿನ. ಎಣಿಸಿಕೊಂಡು ಹೋದರೆ ಡಿಸೆಂಬರಿಗೇ ಪಟ್ಟಿ ತಯಾರಿರಬೇಕು. ಮೇ ತಿಂಗಳಲ್ಲಿ ಪಟ್ಟಿ ಮಾಡಿದರೆ ದೊಡ್ಡ ಸಂಖ್ಯೆಯ ಪುಸ್ತಕ ಮೊದಲು ಅಚ್ಚಾಗ್ತದೆ, ಸಣ್ಣ ಸಂಖ್ಯೆಯದ್ದು ಕೊನೆಗೆ. ಯಾರಿಗೂ ದ್ವೇಷ ಇರಬೇಕಾಗಿಲ್ಲ, ಅವಸರ ಒಂದೇ ಸಾಕು. ಮಾರ್ಚ್ ಕೊನೆಯ ಓಟವೂ ಹಾಗೆಯೇ. ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಹಣ ಸುರಿಯುವುದನ್ನು ಆ ನಿಯಮಗಳೇ ಹಣಕಾಸಿನ ಶಿಸ್ತಿನ ಉಲ್ಲಂಘನೆ ಅಂತ ಕರೆಯುತ್ತವೆ.

ಮೂರನೆಯದು, ಯಾರು ಪೂರೈಸಬಹುದು? ಇಲ್ಲಿ ಎರಡು ಬಗೆಯ ಮೋಸ ಉಂಟು, ಎರಡೂ ಒಂದಕ್ಕೊಂದು ಉಲ್ಟಾ. ಒಂದು, ಸಣ್ಣ ಕೆಲಸಕ್ಕೆ ದೊಡ್ಡ ಷರತ್ತು. ನಾಲ್ಕು ಲಕ್ಷದ ಮುದ್ರಣ ಕೆಲಸಕ್ಕೆ ಕೋಟಿ ವಹಿವಾಟು ಇರಬೇಕು ಅಂತ ಬರೆದರೆ ಊರಿನ ಪ್ರೆಸ್ಸಿನವ ಬಾಗಿಲಲ್ಲೇ ಹೊರಗೆ. ಇನ್ನೊಂದು, ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡೂ ಟೆಂಡರಿನ ಮಿತಿಯ ಕೆಳಗೆ ಬರುವ ಹಾಗೆ ನೋಡಿಕೊಂಡು, ಬೇಕಾದವರಿಗೆ ಕೊಟೇಶನಿನಲ್ಲೇ ಕೊಡುವುದು. ಹೀಗೆ ಒಡೆಯಬಾರದು ಅಂತ ನಿಯಮ ಸ್ಪಷ್ಟ ಉಂಟು. ಹಾಗಾದರೆ ಸಣ್ಣವರಿಗೆ ದಾರಿ ಎಲ್ಲಿ? ಒಂದೇ ಬಹಿರಂಗ ಟೆಂಡರಿನೊಳಗೆ ಕೆಲಸವನ್ನು ಭಾಗ ಮಾಡಿ, ಯಾರು ಬೇಕಾದರೂ ಒಂದು ಭಾಗಕ್ಕೆ ಮಾತ್ರ ದರ ಹೇಳಬಹುದು ಅಂತ ಇಡಬಹುದು. ಒಡೆಯುವುದು ಅಡಗಿಸಲಿಕ್ಕೋ ಅವಕಾಶ ಕೊಡಲಿಕ್ಕೋ ಅಂತ ಕೇಳಿದರೆ ಸಾಕು, ವ್ಯತ್ಯಾಸ ಗೊತ್ತಾಗ್ತದೆ.

ನಾಲ್ಕನೆಯದು, ತಂದ ಮೇಲೆ ನೋಡಿಕೊಳ್ಳುವವರು ಯಾರು? ಕುಡಿಯುವ ನೀರಿನ ಶುದ್ಧೀಕರಣ ಘಟಕ ಉದ್ಘಾಟನೆ ಆಗ್ತದೆ, ರಿಬ್ಬನ್ ಕತ್ತರಿಸ್ತಾರೆ. ಫಿಲ್ಟರ್ ಬದಲಿಸುವ ಹೊತ್ತಿಗೆ ಹಣ ಇಲ್ಲ, ಬೀಗ ಬೀಳ್ತದೆ. ಖರೀದಿಯ ಕ್ರಯ ಅಂದರೆ ತರುವ ದಿನದ ಕ್ರಯ ಮಾತ್ರ ಅಲ್ಲ. ಕರೆಂಟು, ಬಿಡಿಭಾಗ, ದುರಸ್ತಿ, ಕೊನೆಗೆ ಗುಜರಿಗೆ ಹಾಕುವ ಖರ್ಚು ಎಲ್ಲ ಸೇರಿ ಒಟ್ಟು ಕ್ರಯ. ಕಡಿಮೆಗೆ ತಂದ ಪಂಪು ಎರಡು ಬೇಸಿಗೆ ಬಾಳದಿದ್ದರೆ ಅದು ದುಬಾರಿ ಪಂಪು.

ಐದನೆಯದು, ಕಡಿಮೆ ದರ ಯಾರ ಹೊಟ್ಟೆಯಿಂದ ಬಂತು? ಕಸ ಗುಡಿಸುವ ಗುತ್ತಿಗೆ ತೆಗೆದುಕೊಳ್ಳಿ. ಇಷ್ಟು ಜನ, ಇಷ್ಟು ದಿನ, ಕಾನೂನಿನ ಕನಿಷ್ಠ ಕೂಲಿ, ಪಿ.ಎಫ್., ಇ.ಎಸ್.ಐ. ಅಂತ ಲೆಕ್ಕ ಹಾಕಿದರೆ ಒಂದು ಮೊತ್ತ ಬರ್ತದೆ. ಅದಕ್ಕಿಂತ ಕೆಳಗೆ ಯಾರಾದರೂ ದರ ಹೇಳಿದರೆ ಆ ಉಳಿತಾಯ ಗುಡಿಸುವವಳ ಕೂಲಿಯಿಂದಲೇ ಬಂದದ್ದು. ಅಂದಾಜು ಪಟ್ಟಿ ಮಾಡುವಾಗಲೇ ಕೂಲಿಯನ್ನು ಸರಿಯಾಗಿ ಹಾಕಿದರೆ, ಅದಕ್ಕಿಂತ ಕೆಳಗಿನ ದರ ಬಂದಾಗ "ಇದು ಹೇಗೆ ಸಾಧ್ಯ?" ಅಂತ ಕೇಳಲಿಕ್ಕೆ ಒಂದು ಆಧಾರ ಇರ್ತದೆ.

ಇಷ್ಟೆಲ್ಲ ದೊಡ್ಡ ಕಾನೂನು ನಮಗೆ ಹೇಗೆ ಗೊತ್ತಾಗಬೇಕು ಅಂತ ನೀವು ಕೇಳಬಹುದು. ಮೂಲ ತತ್ವ ಬಹಳ ಸರಳ ಮಾರಾಯ್ರೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ಮಾತು ಉಂಟು. ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನ ಸ್ವಂತ ಹಣ ಖರ್ಚು ಮಾಡುವಾಗ ಎಷ್ಟು ಎಚ್ಚರಿಕೆ ವಹಿಸುತ್ತಾನೋ, ಸಾರ್ವಜನಿಕ ಹಣ ಖರ್ಚು ಮಾಡುವಾಗ ಅಧಿಕಾರಿಯೂ ಅಷ್ಟೇ ಎಚ್ಚರಿಕೆ ವಹಿಸಬೇಕು ಅನ್ನುವುದು ಅದರ ತಾತ್ಪರ್ಯ. ನಿಮ್ಮ ಅಮ್ಮ ಸಂತೆಯಲ್ಲಿ ಸೀರೆ ನೋಡುವಾಗ, ಅಪ್ಪ ಬೆಳೆಗೆ ಗೊಬ್ಬರ ತರುವಾಗ ಹೇಗೆ ಯೋಚನೆ ಮಾಡ್ತಾರೆ, ಅಷ್ಟು.

ಒಂದು ಎಚ್ಚರಿಕೆ. ನಾವು ಕನ್ನಡ ಪತ್ರಿಕೆ ಓದುವವರು, ಕನ್ನಡ ಚಾನೆಲ್ ನೋಡುವವರು. ಅಲ್ಲಿ ಟೆಂಡರಿನ ಸುದ್ದಿ ಬಂದರೆ ಅದು ಹೆಚ್ಚಾಗಿ ಕರ್ನಾಟಕದ 1999ರ ಪಾರದರ್ಶಕತೆ ಕಾಯಿದೆಯ ಸುದ್ದಿ. ಅದು ನಮಗೆ ಅನ್ವಯ ಆಗುವುದಿಲ್ಲ. ಹೊಸೂರು, ತಾಳವಾಡಿಯವರಿಗೆ ತಮಿಳುನಾಡಿನ 1998ರ ಟೆಂಡರ್ ಪಾರದರ್ಶಕತೆ ಕಾಯಿದೆ. ಅದರಲ್ಲಿ ಟೆಂಡರ್ ಬುಲೆಟಿನ್ ಹೊರಡಿಸುವ ವ್ಯವಸ್ಥೆ ಉಂಟು. ಕಾಸರಗೋಡು, ವಯನಾಡಿನವರಿಗೆ ಕೇರಳದ ಸ್ಟೋರ್ಸ್ ಪರ್ಚೇಸ್ ಮ್ಯಾನುವಲ್. ಸೋಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಮಹಾರಾಷ್ಟ್ರದ ಶಾಸನ ನಿರ್ಣಯಗಳು, ಅಂದರೆ ನೀವು ಜಿ.ಆರ್. ಅಂತ ಕರೆಯುವವು. ಆದೋನಿ, ರಾಯದುರ್ಗ, ಮಡಕಶಿರಾ ಮತ್ತು ತೆಲಂಗಾಣದವರು ಆಯಾ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ತಾಣ ನೋಡಬೇಕು. ಅವಿಭಜಿತ ಆಂಧ್ರ 2003ರಲ್ಲೇ ಇಂಟರ್ನೆಟ್ ಮೂಲಕ ಟೆಂಡರ್ ಶುರು ಮಾಡಿದ ರಾಜ್ಯ. ನಾವು ಇರುವ ರಾಜ್ಯದ ನಿಯಮವನ್ನು ನಾವೇ ಓದಿಕೊಳ್ಳಬೇಕು. ಮಲಯಾಳ, ತಮಿಳು, ಮರಾಠಿ, ತೆಲುಗು ಓದಲಿಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರು ಇಲ್ಲಿ ಕೂತಿದ್ದೀರಿ. ಎರಡು ಭಾಷೆ ಓದಲಿಕ್ಕೆ ಬರುವುದು ನಮ್ಮ ಬಲ, ಅದನ್ನು ಇಲ್ಲಿ ಉಪಯೋಗಿಸಿ.

ಇನ್ನು ಕೈಯಲ್ಲಿ ಮಾಡಬಹುದಾದ ಕೆಲಸ ಹೇಳ್ತೇನೆ.

ಗ್ರಾಮಸಭೆಗೆ ಹೋಗಿ. ಕೇರಳದಲ್ಲಿ ವಾರ್ಡಿನ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು, ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ ಈಗ ಮಾರ್ಚ್ 22 ಮತ್ತು ನವೆಂಬರ್ 1ರಂದೂ ಗ್ರಾಮಸಭೆ ಉಂಟು. ದೇಶದ ಹೆಚ್ಚಿನ ಕಡೆ ಮುಂದಿನ ವರ್ಷದ ಪಂಚಾಯತ್ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಶುರುವಾಗ್ತದೆ. ಎಲೆ ಎಣಿಸುವ ಹೊತ್ತು ಅದು. ಏಪ್ರಿಲಿನಲ್ಲಿ ಹೋಗಿ ಗಲಾಟೆ ಮಾಡುವುದಕ್ಕಿಂತ ಅಕ್ಟೋಬರಿನಲ್ಲಿ ಹೋಗಿ ಒಂದು ಕಾಗದ ಕೊಡಿ. "ನಮ್ಮ ಅಂಗನವಾಡಿಯಲ್ಲಿ ಕನ್ನಡ ಮಾತಾಡುವ ಮಕ್ಕಳು ಇಷ್ಟು, ಅವರಿಗೆ ಕನ್ನಡದ ಚಿತ್ರಪಟ ಇಷ್ಟು ಬೇಕು" ಅಂತ ಸಂಖ್ಯೆ ಸಮೇತ ಬರೆಯಿರಿ. ಕಾಗದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ನೋಡಿ ಬನ್ನಿ. ನಾನು ಕಚೇರಿಯಲ್ಲಿ ಇದ್ದವ, ನನ್ನನ್ನು ನಂಬಿ. ಸಂಖ್ಯೆ ಇರುವ ಕಾಗದವನ್ನು ಗುಮಾಸ್ತ ಸುಲಭವಾಗಿ ಬದಿಗೆ ಇಡಲಾರ. ಘೋಷಣೆ ಇರುವ ಕಾಗದ ಇಡಬಲ್ಲ.

ಯಾವ ಭಾಷೆಯಲ್ಲಿ ಬರೆಯುವುದು? ಸಂವಿಧಾನದ 350ನೇ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಎಲ್ಲರಿಗೂ ಉಂಟು. ಕೇರಳದಲ್ಲಂತೂ 1969ರ ಅಧಿಕೃತ ಭಾಷೆಗಳ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು ಅವಕಾಶ ಕೊಡ್ತದೆ. ಆದರೆ ಮಾಹಿತಿ ಹಕ್ಕಿನ ಅರ್ಜಿ ಬೇರೆ. ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು ಅಂತ 2005ರ ಕಾಯಿದೆ ಹೇಳ್ತದೆ. ಇದು ಗೊತ್ತಿಲ್ಲದೆ ಅರ್ಜಿ ವಾಪಸು ಬಂದರೆ ತಿಂಗಳು ಹಾಳು.

ಮಾಹಿತಿ ಹಕ್ಕಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಉಂಟು. ಕಾಗದದ ಪ್ರತಿ ಕೇಳುವುದು ಮಾತ್ರ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ನೋಡುವ ಹಕ್ಕೂ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ. ಹೊಯ್ಗೆ, ಸಿಮೆಂಟು, ತಗಡು ಎಲ್ಲದರದ್ದೂ. ಆದರೆ ನಾನು ಹೇಳುವುದು, ಬಿಲ್ಲಿನ ಪ್ರತಿ ಕೇಳುವ ಮೊದಲು ಬೇಡಿಕೆ ಪಟ್ಟಿಯ ಪ್ರತಿ ಕೇಳಿ. "ಈ ಸಂಖ್ಯೆ ಎಲ್ಲಿಂದ ಬಂತು, ಯಾವ ತಾರೀಕಿಗೆ ಎಣಿಸಿದ್ದು, ಮಾಧ್ಯಮವಾರು ಲೆಕ್ಕ ಎಲ್ಲಿ ಉಂಟು" ಅಂತ ಕೇಳಿ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಒಮ್ಮೆ ಆ ಪ್ರಶ್ನೆ ಹೋದರೆ ಮುಂದಿನ ವರ್ಷ ಪಟ್ಟಿ ಬರೆಯುವವರು ಹಳೆಯ ಕಡತ ನಕಲು ಮಾಡುವ ಮೊದಲು ಒಂದು ಕ್ಷಣ ಯೋಚನೆ ಮಾಡ್ತಾರೆ. ನನ್ನನ್ನು ಆ ವರ್ಷ ಯಾರಾದರೂ ಕೇಳಿದ್ದರೆ ನಾನೂ ಮಾಡುತ್ತಿದ್ದೆ.

ಇನ್ನೊಂದು ದಾರಿ, ನೀವೇ ಪೂರೈಸುವವರಾಗುವುದು. ಮುದ್ರಣ, ಹೊಲಿಗೆ, ಪೀಠೋಪಕರಣ, ಅನುವಾದದ ಕೆಲಸ ಬಲ್ಲವರು ಇಲ್ಲಿದ್ದೀರಿ. ಉದ್ಯಮ್ ನೋಂದಣಿಗೆ ಹಣ ಕೊಡಬೇಕಾಗಿಲ್ಲ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಕನಿಷ್ಠ 25 ಶೇಕಡಾ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು ಅಂತ ನೀತಿ ಉಂಟು. ಅದರೊಳಗೆ 4 ಶೇಕಡಾ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ, 3 ಶೇಕಡಾ ಮಹಿಳೆಯರ ಉದ್ಯಮಗಳಿಗೆ. 2016ರಲ್ಲಿ ಶುರುವಾದ ಜೆಮ್ ತಾಣದಲ್ಲಿ ಸರಕಾರಕ್ಕೆ ಮಾರುವವರಾಗಿ ನೋಂದಾಯಿಸಿಕೊಳ್ಳಬಹುದು. ಸಣ್ಣ ಉದ್ಯಮದ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸಮೇತ ಕೊಡಬೇಕು ಅಂತ 2006ರ ಕಾಯಿದೆ ಹೇಳ್ತದೆ.

ಆದರೆ ಒಂದು ಮಾತು ನಿಷ್ಠುರವಾಗಿ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. "ಕನ್ನಡದವರಿಗೆ ಕಂಟ್ರಾಕ್ಟ್ ಕೊಡಿ" ಅಂತ ಕೇಳುವುದು ಬೇರೆ, "ಕನ್ನಡ ಓದುವವರಿಗೆ ಬೇಕಾದ್ದನ್ನು ಪಟ್ಟಿಯಲ್ಲಿ ಬರೆಯಿರಿ" ಅಂತ ಕೇಳುವುದು ಬೇರೆ. ಮೊದಲನೆಯದು ನಮ್ಮ ಪೈಕಿ ಒಬ್ಬನಿಗೆ ಲಾಭ. ಎರಡನೆಯದು ನೂರು ಮಕ್ಕಳ ಹಕ್ಕು. ಕನ್ನಡದ ಪುಸ್ತಕವನ್ನು ಮಲಯಾಳಿ ಪ್ರೆಸ್ಸಿನವ ಚಂದ ಮಾಡಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ನಮಗೆ ಸಂತೋಷ ಆಗಬೇಕು. ನಮ್ಮವನೇ ಒಬ್ಬ ಕಳಪೆ ಕಾಗದದಲ್ಲಿ ಅಚ್ಚು ಮಾಡಿದರೆ ಬಿಲ್ಲು ತಡೆಯಿರಿ ಅಂತ ಮೊದಲು ನಾವೇ ಹೇಳಬೇಕು. ಇಲ್ಲದಿದ್ದರೆ ನಾಳೆ ನಮ್ಮ ನ್ಯಾಯದ ಮಾತನ್ನು ಯಾರೂ ಕೇಳುವುದಿಲ್ಲ. ನಮ್ಮ ವಾರ್ಡಿನಲ್ಲಿ ನಮಗಿಂತಲೂ ಸಣ್ಣ ಸಂಖ್ಯೆಯವರು ಇರ್ತಾರೆ. ತುಳು, ಬ್ಯಾರಿ, ಕೊರಗ, ಸೋಲಿಗ, ಬಡಗ, ಲಂಬಾಣಿ ಮಾತಾಡುವವರು. ನಮ್ಮ ಎಲೆ ಎಣಿಸಿ ಅಂತ ಹೇಳುವವರು ಅವರ ಎಲೆಯನ್ನೂ ಎಣಿಸಬೇಕು.

ಇವತ್ತು ಇಲ್ಲಿಂದ ಹೋಗುವಾಗ ದೊಡ್ಡ ಪ್ರತಿಜ್ಞೆ ಏನೂ ಬೇಡ. ನಿಮ್ಮ ಊರಿನ ಒಂದು ಕನ್ನಡ ಶಾಲೆ ಅಥವಾ ಅಂಗನವಾಡಿಗೆ ಹೋಗಿ. ಎಷ್ಟು ಮಕ್ಕಳು, ಯಾವ ತರಗತಿ, ಯಾವುದು ಬೇಕು, ಯಾವ ತಿಂಗಳಲ್ಲಿ ಬೇಕು, ಈ ನಾಲ್ಕು ಸಾಲು ಬರೆಯಿರಿ. ಟೀಚರಿನ ಹತ್ತಿರ ಕೂತು ಕೇಳಿ. ಆಮೇಲೆ ಬೆಂಚಿನಲ್ಲಿ ಕೂತ ಮಕ್ಕಳ ಕಾಲು ಒಮ್ಮೆ ನೋಡಿ ಬನ್ನಿ. ನಾನು ಅದನ್ನು ತಡವಾಗಿ ನೋಡಿದೆ. ಆ ಬೆಂಚುಗಳಲ್ಲಿ ಕೆಲವು ಈಗಲೂ ಅಲ್ಲಿ ಉಂಟು.

ಆ ನಾಲ್ಕು ಸಾಲು ಮುಂದಿನ ಗ್ರಾಮಸಭೆಯಲ್ಲಿ ಮೇಜಿನ ಮೇಲೆ ಇರಲಿ.